ನೌಕರಿಯೂ ಕಸುಬೂ: ಬದಲಾಗುವ ಕಾಲದಲ್ಲಿ ದುಡಿಯುವವರ ಸಿದ್ಧತೆ

ಮುಂಬಯಿ ನಗರದ ಪೂರ್ವ ಭಾಗದಲ್ಲಿ, ವಡಾಲ ಮತ್ತು ಗುರು ತೇಗ್ ಬಹಾದೂರ್ ನಗರಗಳ ಮಗ್ಗುಲಲ್ಲಿ, ಆಂಟಾಪ್ ಹಿಲ್ ಎಂಬ ಪ್ರದೇಶವಿದೆ. ಕೇಂದ್ರ ಸರ್ಕಾರದ ನೌಕರರಿಗಾಗಿ ಕಟ್ಟಿಸಿದ ವಸತಿಗೃಹಗಳ ಸಾಲುಗಳು, ಅವುಗಳಿಗೆ ತಾಗಿದಂತೆ ಕೂಲಿಕಾರ ಕುಟುಂಬಗಳ ಇಕ್ಕಟ್ಟಾದ ಬೀದಿಗಳು, ಸರಕು ತುಂಬಿಡುವ ಗೋದಾಮುಗಳು, ಆಚೆಗೆ ಬಂದರಿನ ಜಮೀನು ಮತ್ತು ಉಪ್ಪಿನ ಆಗರಗಳ ಬಯಲು ಇವೆಲ್ಲ ಸೇರಿ ಈ ಪ್ರದೇಶದ ಚಿತ್ರವಾಗಿದೆ. ಇಲ್ಲಿಂದ ಅನತಿ ದೂರದಲ್ಲಿ ವಡಾಲದ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆಯೂ ಮಾಟುಂಗದ ಮೈಸೂರು ಅಸೋಸಿಯೇಷನ್ನೂ ಇವೆ. ಆದ್ದರಿಂದ ಮುಂಬಯಿಯ ಕನ್ನಡಿಗರಿಗೆ ಇದು ಅಪರಿಚಿತ ಸ್ಥಳವೇನೂ ಅಲ್ಲ.

ಸರ್ಕಾರಿ ವಸತಿಗೃಹದಲ್ಲಿ ವಾಸಿಸುವ ಕುಟುಂಬಕ್ಕೆ ಒಂದು ಸತ್ಯ ಇತರರಿಗಿಂತ ಬೇಗ ಮನದಟ್ಟಾಗುತ್ತದೆ. ಹುದ್ದೆ ಇರುವಷ್ಟು ಕಾಲ ಮನೆ ಇರುತ್ತದೆ. ಹುದ್ದೆ ಮುಗಿದ ಮೇಲೆ ನಿಗದಿತ ಅವಧಿಯೊಳಗೆ ಬೀಗದ ಕೈಯನ್ನು ಹಿಂದಿರುಗಿಸಬೇಕಾಗುತ್ತದೆ. ತಂದೆಯ ಹುದ್ದೆಯನ್ನಾಗಲಿ ಮನೆಯನ್ನಾಗಲಿ ಮಕ್ಕಳು ಹಕ್ಕಿನಿಂದ ಪಡೆಯಲಾಗದು. ಮಕ್ಕಳ ಪಾಲಿಗೆ ಉಳಿಯುವುದು ಅವರು ಕಲಿತದ್ದು ಮಾತ್ರ. ಖಾಸಗಿ ಸಂಸ್ಥೆಗಳಲ್ಲಿ ದುಡಿಯುವವರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಅಲ್ಲಿ ಮನೆಯ ಬೀಗದ ಕೈ ಕೇಳುವವರಿಲ್ಲದಿದ್ದರೂ ಮನೆಯ ಬಾಡಿಗೆ ಕಟ್ಟಲು ತಿಂಗಳ ಸಂಬಳವೇ ಆಧಾರ.

ನೌಕರಿ ಮತ್ತು ಕಸುಬು ಎಂಬ ಎರಡು ಮಾತುಗಳನ್ನು ಸಾಮಾನ್ಯವಾಗಿ ಒಂದೇ ಅರ್ಥದಲ್ಲಿ ಬಳಸಲಾಗುತ್ತದೆ. ಆದರೆ ಇವು ಒಂದೇ ಅಲ್ಲ. ನೌಕರಿ ಎಂಬುದು ಬೇರೊಬ್ಬರು ಕೊಡುವ ಸ್ಥಾನ. ಕೊಟ್ಟವರು ಅದನ್ನು ಹಿಂದಕ್ಕೆ ಪಡೆಯಬಹುದು. ಕಸುಬು ಎಂಬುದು ದುಡಿಯುವವನ ಕೈಯಲ್ಲಿಯೂ ಬುದ್ಧಿಯಲ್ಲಿಯೂ ಇರುವ ಸಾಮರ್ಥ್ಯ. ನೌಕರಿ ಇರುವಾಗಲೇ ಕಸುಬನ್ನು ಬೆಳೆಸಿಕೊಳ್ಳುವುದು ಹೇಗೆ ಎಂಬುದೇ ಈ ಪಾಠದ ವಿಷಯ.

ಬದಲಾವಣೆಯ ಮೂರು ಬಗೆಗಳು

ಉದ್ಯೋಗ ಕ್ಷೇತ್ರ ಬದಲಾಗುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಎಲ್ಲ ಬದಲಾವಣೆಗಳೂ ಒಂದೇ ಬಗೆಯವಲ್ಲ. ಮುಂಬಯಿಯ ಕಳೆದ ಕೆಲವು ದಶಕಗಳ ಇತಿಹಾಸವನ್ನು ಗಮನಿಸಿದರೆ ಮೂರು ಬಗೆಗಳು ಸ್ಪಷ್ಟವಾಗಿ ಕಾಣುತ್ತವೆ.

ಮೊದಲನೆಯದು, ಉದ್ದಿಮೆಯೇ ಊರು ಬಿಟ್ಟು ಹೋಗುವುದು. ಪರೇಲ್, ಲಾಲ್‌ಬಾಗ್, ದಾದರ್ ಭಾಗದ ಹತ್ತಿ ಗಿರಣಿಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಮುಂಬಯಿಗೆ ಅನ್ನ ಕೊಟ್ಟವು. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನಾಯಕತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಪಾಲ್ಗೊಂಡರು. ಅದು ಒಂದು ವರ್ಷಕ್ಕೂ ಮೀರಿ ನಡೆಯಿತು. ಹಳೆಯದಾದ ಯಂತ್ರಗಳು, ವಿದ್ಯುತ್ ಮಗ್ಗಗಳ ಪೈಪೋಟಿ, ಏರುತ್ತಿದ್ದ ಜಮೀನಿನ ಬೆಲೆ ಈ ಕಾರಣಗಳಿಂದ ಮೊದಲೇ ಸೊರಗಿದ್ದ ಉದ್ದಿಮೆ ಮತ್ತೆ ಚೇತರಿಸಿಕೊಳ್ಳಲಿಲ್ಲ. ಒಳ್ಳೆಯ ನೇಕಾರನ ಕೈಚಳಕ ಕುಂದಿರಲಿಲ್ಲ. ಆದರೆ ಅವನು ನಿಂತು ದುಡಿಯಬೇಕಾದ ಮಗ್ಗವೇ ಇಲ್ಲವಾಯಿತು.

ಎರಡನೆಯದು, ಕೆಲಸ ಉಳಿದು ಸಾಧನ ಬದಲಾಗುವುದು. ಬಂದರಿನಲ್ಲಿ ಮೂಟೆಗಳನ್ನು ಹೊತ್ತು ಇಳಿಸುತ್ತಿದ್ದ ಕಾಲ ಹೋಗಿ ಉಕ್ಕಿನ ಕಂಟೇನರುಗಳ ಕಾಲ ಬಂದಿತು. 1989ರಲ್ಲಿ ನ್ಹಾವಾ ಶೇವಾದಲ್ಲಿ ಜವಾಹರಲಾಲ್ ನೆಹರೂ ಬಂದರು ಕಾರ್ಯಾರಂಭ ಮಾಡಿದ ಮೇಲೆ ಕಂಟೇನರ್ ಸಾಗಣೆಯ ಬಹುಪಾಲು ಕೊಲ್ಲಿಯ ಆಚೆಗೆ ಸರಿಯಿತು. ಕಚೇರಿಗಳಲ್ಲಿಯೂ ಇದೇ ನಡೆಯಿತು. 1955ರಲ್ಲಿ ಬೆರಳಚ್ಚು ಯಂತ್ರದ ತಯಾರಿಕೆಗೆ ತೊಡಗಿದ್ದ ಗೋದ್ರೆಜ್ ಸಂಸ್ಥೆ 2009ರಲ್ಲಿ ಅದನ್ನು ನಿಲ್ಲಿಸಿತು. 2013ರ ಜುಲೈ ತಿಂಗಳಲ್ಲಿ ದೇಶದ ತಂತಿ ಸೇವೆಯೂ ಕೊನೆಗೊಂಡಿತು. ಸರಕು ಸಾಗಿಸುವುದಾಗಲಿ, ಪತ್ರ ಬರೆಯುವುದಾಗಲಿ, ಸುದ್ದಿ ಮುಟ್ಟಿಸುವುದಾಗಲಿ ನಿಂತಿಲ್ಲ. ಅವನ್ನು ಮಾಡುವ ರೀತಿ ಮಾತ್ರ ಬೇರೆಯಾಗಿದೆ.

ಮೂರನೆಯದು, ಕೆಲಸವೂ ಸಾಧನವೂ ಉಳಿದು ಸಂಸ್ಥೆಯ ರೂಪ ಬದಲಾಗುವುದು. ಕರಾವಳಿಯ ಕನ್ನಡಿಗರಿಗೆ ಇದರ ಉದಾಹರಣೆಯನ್ನು ವಿವರಿಸಬೇಕಾಗಿಲ್ಲ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ಅದಕ್ಕೂ ಮೊದಲು, 2000-01ರಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ನೌಕರರು ಸ್ವಯಂ ನಿವೃತ್ತಿ ಪಡೆದಿದ್ದರು. 2020ರ ಜನವರಿ ಕೊನೆಗೆ ಭಾರತ ಸಂಚಾರ ನಿಗಮ ಮತ್ತು ಮಹಾನಗರ ಟೆಲಿಫೋನ್ ನಿಗಮಗಳಿಂದ ಒಟ್ಟು 90 ಸಾವಿರಕ್ಕೂ ಹೆಚ್ಚು ನೌಕರರು ಇದೇ ರೀತಿ ಹೊರಬಂದರು. ಅವರಲ್ಲಿ ಅನೇಕರು ಇನ್ನೂ ದುಡಿಯುವ ಶಕ್ತಿಯುಳ್ಳವರಾಗಿದ್ದರು.

ಈ ಮೂರರಲ್ಲಿ ತನ್ನ ಕೆಲಸದ ಕಡೆಗೆ ಬರುತ್ತಿರುವುದು ಯಾವುದು ಎಂದು ಗುರುತಿಸುವುದೇ ಮೊದಲ ಹೆಜ್ಜೆ. ಉದ್ದಿಮೆಯೇ ಕುಗ್ಗುತ್ತಿದ್ದರೆ ತನ್ನ ಸಾಮರ್ಥ್ಯಕ್ಕೆ ಬೆಲೆಯಿರುವ ಬೇರೆ ಉದ್ದಿಮೆಯನ್ನು ಹುಡುಕಬೇಕು. ಸಾಧನ ಬದಲಾಗುತ್ತಿದ್ದರೆ ಹೊಸ ಸಾಧನವನ್ನು ಕಲಿಯಬೇಕು. ಸಂಸ್ಥೆ ಬದಲಾಗುತ್ತಿದ್ದರೆ ತನ್ನ ಸೇವಾ ದಾಖಲೆಗಳನ್ನೂ ಹಕ್ಕುಗಳನ್ನೂ ಸರಿಯಾಗಿ ತಿಳಿದಿರಬೇಕು. ಒಂದಕ್ಕೆ ಇನ್ನೊಂದರ ಔಷಧ ನಾಟುವುದಿಲ್ಲ. ಮುಚ್ಚಿಹೋಗುತ್ತಿರುವ ಗಿರಣಿಯಲ್ಲಿ ಹೊಸ ಬಗೆಯ ಮಗ್ಗವನ್ನು ಕಲಿತರೆ ಪ್ರಯೋಜನವಾಗದು. ಕೇವಲ ಸಾಧನ ಬದಲಾದ ಕಚೇರಿಯನ್ನು ಹೆದರಿ ಬಿಟ್ಟುಹೋಗುವುದೂ ವಿವೇಕವಲ್ಲ.

ವಿದ್ಯಾಸಂಸ್ಥೆಗಳೂ ಈ ವಿವೇಕವನ್ನು ತೋರಿವೆ. ಮಾಟುಂಗದಲ್ಲಿರುವ ವೀರಮಾತಾ ಜೀಜಾಬಾಯಿ ತಾಂತ್ರಿಕ ಸಂಸ್ಥೆ 1887ರಲ್ಲಿ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆ ಎಂಬ ಹೆಸರಿನಿಂದ ಆರಂಭವಾದಾಗ ಗಿರಣಿಗಳಿಗೆ ಬೇಕಾದ ಕುಶಲ ಜನರನ್ನು ತಯಾರು ಮಾಡುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು. ಗಿರಣಿಗಳು ಮರೆಯಾದರೂ ಸಂಸ್ಥೆ ಉಳಿಯಿತು. ವಿದ್ಯುತ್, ಯಂತ್ರ, ಕಟ್ಟಡ ಮತ್ತು ಕಂಪ್ಯೂಟರ್ ವಿಷಯಗಳನ್ನು ಅದು ಕಾಲಕಾಲಕ್ಕೆ ಸೇರಿಸಿಕೊಂಡದ್ದೇ ಇದಕ್ಕೆ ಕಾರಣ.

ರಾತ್ರಿಶಾಲೆಗಳ ನಿದರ್ಶನ

ದುಡಿಯುತ್ತಲೇ ಕಲಿಯುವುದು ಕನ್ನಡಿಗರಿಗೆ ಹೊಸದಲ್ಲ. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿಯ ಕಡೆಯಿಂದ ಸಾವಿರಾರು ಹುಡುಗರು ಹಡಗಿನಲ್ಲಿ, ಅನಂತರ ಬಸ್ಸಿನಲ್ಲಿ ಮುಂಬಯಿಗೆ ಬಂದರು. ಹೆಚ್ಚಿನವರಿಗೆ ಮೊದಲು ಸಿಕ್ಕಿದ್ದು ಹೋಟೆಲಿನ ಕೆಲಸ. ಲೋಟ ತೊಳೆಯುವುದು, ಮೇಜು ಒರೆಸುವುದು, ತಿಂಡಿ ಬಡಿಸುವುದು ಹಗಲಿನ ದುಡಿಮೆಯಾದರೆ, ಸಂಜೆಯ ನಂತರ ಅವರಲ್ಲಿ ಅನೇಕರು ಪುಸ್ತಕ ಹಿಡಿದು ಕೋಟೆ ಪ್ರದೇಶದ ರಾತ್ರಿಶಾಲೆಗಳಿಗೆ ನಡೆದರು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಷನ್ ಮೊದಲಾದ ಸಂಘಟನೆಗಳು ಇಂತಹ ಶಾಲೆಗಳನ್ನು ನಡೆಸಿದವು. ಡಾ. ಬಿ. ಆರ್. ಅಂಬೇಡ್ಕರ್ ಅವರು ಸ್ಥಾಪಿಸಿದ ಪೀಪಲ್ಸ್ ಎಜುಕೇಷನ್ ಸೊಸೈಟಿಯು 1946ರಲ್ಲಿ ತೆರೆದ ಸಿದ್ಧಾರ್ಥ ಕಾಲೇಜು ಬೆಳಗಿನ ತರಗತಿಗಳನ್ನು ನಡೆಸಿ, ಹಗಲು ದುಡಿಯುವವರಿಗೂ ಪದವಿಯ ದಾರಿಯನ್ನು ತೆರೆದಿಟ್ಟಿತು.

ಈ ದಾರಿಯಲ್ಲಿ ನಡೆದವರಲ್ಲಿ ಬ್ಯಾಂಕಿನ ನೌಕರರಾದವರು, ವಕೀಲರಾದವರು, ಲೆಕ್ಕಪತ್ರ ಬಲ್ಲವರಾದವರು, ಸ್ವಂತ ಹೋಟೆಲು ತೆರೆದವರು ಇದ್ದಾರೆ. ಅವರ ಯಶಸ್ಸನ್ನು ಅದೃಷ್ಟ ಎಂದು ಹೇಳಿ ಮುಗಿಸುವುದು ಸರಿಯಲ್ಲ. ಅದರಲ್ಲಿ ನಾಲ್ಕು ಅಂಶಗಳನ್ನು ಗುರುತಿಸಬಹುದು. ಕೆಲಸ ಹೋದ ಮೇಲೆ ಕಲಿಯೋಣ ಎಂದು ಅವರು ಕಾಯಲಿಲ್ಲ. ಕೆಲಸ ಇರುವಾಗಲೇ ಕಲಿತರು. ಬರಿಯ ಓದು ಸಾಲದೆಂದು ತಿಳಿದು, ಬೇರೆಯವರು ಒಪ್ಪುವ ಪರೀಕ್ಷೆಯನ್ನು ಕಟ್ಟಿ ಪ್ರಮಾಣಪತ್ರ ಪಡೆದರು. ಬೆರಳಚ್ಚು, ಶೀಘ್ರಲಿಪಿ, ಲೆಕ್ಕ ಬರೆಯುವುದು ಮುಂತಾಗಿ ಆ ಕಾಲದ ಕಚೇರಿಗಳಿಗೆ ಬೇಕಾದ ವಿದ್ಯೆಯನ್ನೇ ಆರಿಸಿಕೊಂಡರು. ಎಲ್ಲಿ ಯಾವ ಕೆಲಸ ಖಾಲಿಯಿದೆ ಎಂಬುದನ್ನು ಊರಿನವರಿಂದಲೂ ಸಂಘದವರಿಂದಲೂ ತಿಳಿದುಕೊಂಡರು.

ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ದಣಿವಿನಿಂದ ಮಧ್ಯದಲ್ಲಿಯೇ ಓದು ಬಿಟ್ಟವರು ಬಹಳ ಮಂದಿ. ಅಲ್ಲದೆ ಅವರಲ್ಲಿ ಅನೇಕರು ಶಾಲೆಯಲ್ಲಿರಬೇಕಾದ ವಯಸ್ಸಿನ ಮಕ್ಕಳಾಗಿದ್ದರು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಇಂದು ಹೋಟೆಲಿನಲ್ಲಿ ದುಡಿಸುವುದು ಅಪರಾಧ. ಆ ಹುಡುಗರ ಕಷ್ಟವನ್ನು ಯಾರೂ ಬಯಸಬೇಕಾಗಿಲ್ಲ. ಅವರ ಕ್ರಮ ಮಾತ್ರ ಇಂದಿಗೂ ಅನುಸರಿಸಲು ಯೋಗ್ಯವಾಗಿದೆ.

ತನ್ನ ಕೆಲಸವನ್ನು ಬಿಡಿಸಿ ನೋಡುವುದು

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಆಂಟಾಪ್ ಹಿಲ್‌ನ ಗೋದಾಮೊಂದರಲ್ಲಿ ಹದಿನೈದು ವರ್ಷಗಳಿಂದ ಗುಮಾಸ್ತನಾಗಿರುವ, ನಲವತ್ತು ವರ್ಷ ವಯಸ್ಸಿನ ಒಬ್ಬ ವ್ಯಕ್ತಿ ಇದ್ದಾನೆ ಎನ್ನೋಣ. ಬಂದ ಸರಕನ್ನು ದೊಡ್ಡ ಪುಸ್ತಕದಲ್ಲಿ ಬರೆದುಕೊಳ್ಳುವುದು ಅವನ ಕೆಲಸ. ಮಾಲೀಕರು ಕಂಪ್ಯೂಟರಿನಲ್ಲಿ ಲೆಕ್ಕವಿಡುವ ಪದ್ಧತಿಯನ್ನು ತರಲಿದ್ದಾರೆ. ‘ಪುಸ್ತಕ ಬರೆಯುವುದೇ ನನ್ನ ಕೆಲಸ’ ಎಂದು ಅವನು ಭಾವಿಸಿದರೆ ಅವನ ಕೆಲಸ ಮುಗಿದಂತೆಯೇ ಸರಿ.

ಆದರೆ ಒಂದು ಹಾಳೆಯನ್ನು ತೆಗೆದುಕೊಂಡು, ತಾನು ಬೆಳಗಿನಿಂದ ಸಂಜೆಯವರೆಗೆ ಏನೇನು ಮಾಡುತ್ತೇನೆಂದು ಬರೆದರೆ ಬೇರೆಯೇ ಚಿತ್ರ ಕಾಣುತ್ತದೆ. ಚಲನ್ನು ಮತ್ತು ಸರಕನ್ನು ತಾಳೆ ನೋಡುತ್ತಾನೆ. ಒಡೆದ ಪೆಟ್ಟಿಗೆಯನ್ನು ಕಂಡುಹಿಡಿದು ಆಗಲೇ ದಾಖಲಿಸುತ್ತಾನೆ. ಯಾವ ಸರಕನ್ನು ಎಲ್ಲಿಟ್ಟರೆ ಬೇಗ ಹೊರತೆಗೆಯಬಹುದು ಎಂದು ಬಲ್ಲನು. ಲಾರಿ ಚಾಲಕರೊಡನೆ ಹಿಂದಿಯಲ್ಲಿಯೂ ಹಮಾಲರೊಡನೆ ಮರಾಠಿಯಲ್ಲಿಯೂ ವ್ಯವಹರಿಸುತ್ತಾನೆ. ತಡವಾದಾಗ ಗಿರಾಕಿಗೆ ಸಮಾಧಾನ ಹೇಳುತ್ತಾನೆ. ಈ ಐದರಲ್ಲಿ ಯಾವುದನ್ನೂ ಯಂತ್ರ ತಾನಾಗಿ ಪೂರ್ತಿಯಾಗಿ ಮಾಡಲಾರದು. ಅವನಲ್ಲಿ ಇಲ್ಲದಿರುವುದು ಎರಡು ಮಾತ್ರ: ಕಂಪ್ಯೂಟರಿನಲ್ಲಿ ಲೆಕ್ಕದ ಪಟ್ಟಿ ಮಾಡುವುದು ಮತ್ತು ಸರಕು ಸೇವಾ ತೆರಿಗೆಯ ಕಾಗದಪತ್ರಗಳ ತಿಳಿವಳಿಕೆ. ಅಂತರರಾಜ್ಯ ಸಾಗಣೆಗೆ 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಜಾರಿಗೆ ಬಂದಿರುವುದರಿಂದ ಇವನ್ನು ಬಲ್ಲವರಿಗೆ ಬೇಡಿಕೆಯಿದೆ. ವಾರಕ್ಕೆ ಐದಾರು ಗಂಟೆ ಮೀಸಲಿಟ್ಟರೆ ಕೆಲವು ತಿಂಗಳಲ್ಲಿ ಇವನ್ನು ಕಲಿಯಲು ಸಾಧ್ಯ. ಹೊಸ ಪದ್ಧತಿ ಬರುವ ಮೊದಲೇ ಕಲಿತವನು ಇತರರಿಗೆ ಕಲಿಸುವವನಾಗುತ್ತಾನೆ. ಬಂದ ಮೇಲೆ ಕಲಿಯುವವನು ಸಾಲಿನ ಕೊನೆಯಲ್ಲಿ ನಿಲ್ಲುತ್ತಾನೆ.

ಮನೆಯಲ್ಲಿರುವ ಮಹಿಳೆಯರಿಗೂ ಈ ಕ್ರಮ ಅನ್ವಯಿಸುತ್ತದೆ. ಮಕ್ಕಳನ್ನು ಬೆಳೆಸಲು ಹತ್ತು ವರ್ಷ ಕೆಲಸ ಬಿಟ್ಟಿದ್ದ ಗೃಹಿಣಿಯು ‘ನನಗೆ ಏನೂ ಬರುವುದಿಲ್ಲ’ ಎನ್ನುವುದುಂಟು. ಕಟ್ಟಡದ ಮಹಿಳಾ ಮಂಡಳಿಯ ಲೆಕ್ಕ ಇಟ್ಟಿರುವುದು, ಹೊಲಿಗೆಯ ಬೇಡಿಕೆಗಳನ್ನು ಸಕಾಲಕ್ಕೆ ಪೂರೈಸಿರುವುದು, ನೆರೆಯ ಮಕ್ಕಳಿಗೆ ಪಾಠ ಹೇಳಿರುವುದು ಇವೆಲ್ಲ ಅನುಭವವೇ ಆಗಿವೆ. ಅವನ್ನು ಬರೆದಿಡದ ಕಾರಣ ಅವು ಲೆಕ್ಕಕ್ಕೆ ಬರುವುದಿಲ್ಲ.

ಕಲಿಕೆಯ ದಾರಿಗಳು

ಕಲಿಯಬೇಕೆಂಬ ಮನಸ್ಸುಳ್ಳವರಿಗೆ ಇಂದು ಹಲವು ಸಾರ್ವಜನಿಕ ವ್ಯವಸ್ಥೆಗಳಿವೆ.

ಶಾಲೆ ಅರ್ಧಕ್ಕೆ ನಿಂತವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳ ಪರೀಕ್ಷೆಯನ್ನು ಕಟ್ಟಬಹುದು. ಪದವಿಗಾಗಿ 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವಿದೆ. 2017ರಲ್ಲಿ ಆರಂಭವಾದ ‘ಸ್ವಯಂ’ ವ್ಯವಸ್ಥೆಯಲ್ಲಿ ಅಂತರಜಾಲದ ಮೂಲಕ ಉಚಿತವಾಗಿ ಪಾಠಗಳನ್ನು ಕೇಳಬಹುದು.

ಕೈಕಸುಬಿನ ತರಬೇತಿಗೆ ಕೈಗಾರಿಕಾ ತರಬೇತಿ ಸಂಸ್ಥೆಗಳಿವೆ. ಅಂತಹ ಸಂಸ್ಥೆಗಳ ಬೋಧಕರನ್ನು ತಯಾರು ಮಾಡುವ ಕೇಂದ್ರ ಸರ್ಕಾರದ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯು ಆಂಟಾಪ್ ಹಿಲ್‌ಗೆ ಸಮೀಪದ ಸಯನ್‌ನಲ್ಲಿಯೇ ಇದೆ. 1961ರ ಶಿಶಿಕ್ಷು ಕಾಯಿದೆಯ ಪ್ರಕಾರ ಯುವಕರು ಕಾರ್ಖಾನೆ ಮತ್ತು ಕಚೇರಿಗಳಲ್ಲಿ ಭತ್ಯೆಯೊಡನೆ ತರಬೇತಿ ಪಡೆಯಬಹುದು.

ವರ್ಷಗಟ್ಟಲೆ ಕೆಲಸ ಮಾಡಿಯೂ ಕೈಯಲ್ಲಿ ಕಾಗದವಿಲ್ಲದ ಬಡಗಿ, ಗಾರೆಯವ, ವಿದ್ಯುತ್ ಕೆಲಸಗಾರ ಮೊದಲಾದವರಿಗೆ ‘ಪೂರ್ವ ಕಲಿಕೆಯ ಮಾನ್ಯತೆ’ ಎಂಬ ವ್ಯವಸ್ಥೆ ಉಪಯುಕ್ತವಾಗಿದೆ. ಇದರಲ್ಲಿ ಅವರ ಕುಶಲತೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡಲಾಗುತ್ತದೆ. ಹಿಂದಿನ ಉದ್ಯೋಗ ವಿನಿಮಯ ಕೇಂದ್ರಗಳ ಕೆಲಸವನ್ನು ವಿಸ್ತರಿಸಿ 2015ರ ಜುಲೈ ತಿಂಗಳಲ್ಲಿ ರಾಷ್ಟ್ರೀಯ ವೃತ್ತಿ ಸೇವೆಯನ್ನು ಆರಂಭಿಸಲಾಗಿದ್ದು, ಇದರಲ್ಲಿ ಉಚಿತವಾಗಿ ಹೆಸರು ನೋಂದಾಯಿಸಬಹುದು.

ಏನನ್ನು ಕಲಿಯಬೇಕು ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ವಿಶ್ವ ಆರ್ಥಿಕ ವೇದಿಕೆಯು 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2030ರೊಳಗೆ ಉದ್ಯೋಗಿಗಳ ಈಗಿನ ಕುಶಲತೆಗಳಲ್ಲಿ ಶೇಕಡಾ 39ರಷ್ಟು ಬದಲಾಗುವ ಇಲ್ಲವೆ ಹಳತಾಗುವ ನಿರೀಕ್ಷೆಯಿದೆ. ಹೀಗಿರುವಾಗ ನೆರೆಯವರ ಮಗ ಕಲಿತದ್ದನ್ನೇ ತನ್ನ ಮಗನೂ ಕಲಿಯಲಿ ಎಂಬ ಧೋರಣೆ ಅಪಾಯಕರ. ಶುಲ್ಕ ಕಟ್ಟುವ ಮೊದಲು ಮೂರು ವಿಚಾರಗಳನ್ನು ಖಚಿತಪಡಿಸಿಕೊಳ್ಳಬೇಕು. ಪ್ರಮಾಣಪತ್ರಕ್ಕೆ ಮಾನ್ಯತೆ ಕೊಟ್ಟವರು ಯಾರು? ಅದನ್ನು ಪಡೆದವರು ಈಗ ಎಲ್ಲಿ ಕೆಲಸದಲ್ಲಿದ್ದಾರೆ? ಆ ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವ ಮಾಲೀಕರು ಕನಿಷ್ಠ ಇಬ್ಬರಾದರೂ ಆ ತರಬೇತಿಯನ್ನು ಒಪ್ಪುತ್ತಾರೆಯೆ?

ಕೆಲಸ ಹೋದಾಗ ತಿಳಿದಿರಬೇಕಾದದ್ದು

ಎಷ್ಟು ಸಿದ್ಧತೆಯಿದ್ದರೂ ಕೆಲವೊಮ್ಮೆ ಕೆಲಸ ಹೋಗುತ್ತದೆ. ಅದು ದುಡಿಯುವವನ ತಪ್ಪೇ ಆಗಿರಬೇಕೆಂದಿಲ್ಲ. ಗಿರಣಿ ಕಾರ್ಮಿಕರು ಸೋಮಾರಿಗಳಾಗಿದ್ದುದರಿಂದ ಗಿರಣಿಗಳು ಮುಚ್ಚಲಿಲ್ಲ. ಆದ್ದರಿಂದ ಸ್ವಪ್ರಯತ್ನದ ಜೊತೆಗೆ ಕಾನೂನಿನ ರಕ್ಷಣೆಯನ್ನೂ ತಿಳಿದಿರುವುದು ಅಗತ್ಯ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಕನಿಷ್ಠ ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದ ಕಾರ್ಮಿಕನನ್ನು ಹೆಚ್ಚುವರಿಯೆಂದು ಕೆಲಸದಿಂದ ತೆಗೆಯುವಾಗ ಒಂದು ತಿಂಗಳ ಲಿಖಿತ ನೋಟೀಸು ಅಥವಾ ಅದರ ಬದಲು ವೇತನ ಕೊಡಬೇಕು. ಸೇವೆಯ ಪ್ರತಿಯೊಂದು ಪೂರ್ಣ ವರ್ಷಕ್ಕೆ ಹದಿನೈದು ದಿನಗಳ ಸರಾಸರಿ ವೇತನದಂತೆ ಪರಿಹಾರವನ್ನೂ ಕೊಡಬೇಕು. ಇದಲ್ಲದೆ ಮರುಕೌಶಲ ನಿಧಿಯಿಂದ ಅವನ ಕೊನೆಯ ವೇತನದ ಹದಿನೈದು ದಿನಗಳ ಮೊತ್ತವನ್ನು, ಕೆಲಸದಿಂದ ತೆಗೆದ 45 ದಿನಗಳೊಳಗೆ ಅವನ ಖಾತೆಗೆ ಜಮಾ ಮಾಡಬೇಕೆಂಬ ವಿಧಿಯಿದೆ. ಈ ಹಣದ ಉದ್ದೇಶ ಹೊಸ ಕಲಿಕೆ. ಅದನ್ನು ಹಳೆಯ ಸಾಲಕ್ಕೆ ಕಳೆಯದೆ ಅದೇ ಉದ್ದೇಶಕ್ಕೆ ಬಳಸುವುದು ಉಚಿತ.

ಭವಿಷ್ಯನಿಧಿಯ ವಿಷಯದಲ್ಲಿ ಅನೇಕರು ಒಂದು ತಪ್ಪು ಮಾಡುತ್ತಾರೆ. ಕೆಲಸ ಬದಲಿಸಿದಾಗಲೆಲ್ಲ ಇದ್ದ ಹಣವನ್ನು ತೆಗೆದುಬಿಡುತ್ತಾರೆ. ನೌಕರರ ಪಿಂಚಣಿ ಯೋಜನೆಯಲ್ಲಿ ಮಾಸಿಕ ಪಿಂಚಣಿಗೆ ಅರ್ಹತೆ ಬರಲು ಕನಿಷ್ಠ ಹತ್ತು ವರ್ಷಗಳ ಸೇವೆ ಬೇಕು. 2014ರಿಂದ ಜಾರಿಯಲ್ಲಿರುವ ಸಾರ್ವತ್ರಿಕ ಖಾತೆ ಸಂಖ್ಯೆಯನ್ನು ಹೊಸ ಸಂಸ್ಥೆಗೆ ತಿಳಿಸಿ ಖಾತೆಯನ್ನು ವರ್ಗಾಯಿಸಿಕೊಂಡರೆ ಹಿಂದಿನ ಸೇವೆಯೂ ಲೆಕ್ಕಕ್ಕೆ ಸೇರುತ್ತದೆ. ನೌಕರರ ರಾಜ್ಯ ವಿಮೆಗೆ ಒಳಪಟ್ಟವರು 2018ರಲ್ಲಿ ಆರಂಭವಾದ ಅಟಲ್ ವಿಮಿತ ವ್ಯಕ್ತಿ ಕಲ್ಯಾಣ ಯೋಜನೆಯ ನೆರವಿನ ಬಗ್ಗೆ ಶಾಖಾ ಕಚೇರಿಯಲ್ಲಿ ವಿಚಾರಿಸಬೇಕು.

ಕೆಲಸ ಕಳೆದುಕೊಂಡವರ ಆತುರವೇ ಮೋಸಗಾರರ ಬಂಡವಾಳ. ನೇಮಕಾತಿ ಪತ್ರಕ್ಕೆಂದು ಮುಂಗಡ ಹಣ ಕೇಳುವವರನ್ನು ನಂಬಬಾರದು. ಕೊಲ್ಲಿ ರಾಷ್ಟ್ರಗಳಿಗೆ ಕಳುಹಿಸುತ್ತೇವೆ ಎನ್ನುವ ದಲ್ಲಾಳಿಗಳು ವಲಸೆ ಕಾಯಿದೆಯ ಪ್ರಕಾರ ನೋಂದಾಯಿಸಿಕೊಂಡವರೇ ಎಂಬುದನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಪರಿಶೀಲಿಸಬಹುದು. ಸಂದರ್ಶಕ ವೀಸಾದ ಮೇಲೆ ಕೆಲಸಕ್ಕೆ ಹೊರಡುವುದಂತೂ ಸರ್ವಥಾ ಸಲ್ಲದು.

ನೆನಪಿಡಬೇಕಾದ ಅಂಶಗಳು

1. ವರ್ಷಕ್ಕೊಮ್ಮೆ ತನ್ನ ಕೆಲಸವನ್ನು ಬಿಡಿಸಿ ಬರೆದು, ಯಾವುದು ಹಳತಾಗುತ್ತಿದೆ, ಯಾವುದು ಉಳಿಯುತ್ತದೆ ಎಂದು ಗುರುತಿಸಬೇಕು.

2. ಒಂದು ಬಾರಿಗೆ ಒಂದೇ ಹೊಸ ವಿದ್ಯೆಯನ್ನು ಆರಿಸಿಕೊಂಡು ಮುಗಿಸಬೇಕು. ಅರ್ಧಕ್ಕೆ ಬಿಟ್ಟ ಮೂರಕ್ಕಿಂತ ಪೂರ್ತಿ ಮಾಡಿದ ಒಂದು ಮೇಲು.

3. ನೇಮಕಾತಿ ಪತ್ರ, ವೇತನ ಚೀಟಿ, ಅನುಭವ ಪತ್ರ ಮತ್ತು ಪ್ರಮಾಣಪತ್ರಗಳನ್ನು ಒಂದೆಡೆ ಜೋಪಾನವಾಗಿಡಬೇಕು. ಸಂಸ್ಥೆ ಮುಚ್ಚಿದ ಮೇಲೆ ಅವನ್ನು ಕೊಡುವವರು ಸಿಗಲಾರರು.

4. ಆರು ತಿಂಗಳ ಮನೆಖರ್ಚಿನಷ್ಟು ಹಣವನ್ನು ಸ್ವಲ್ಪಸ್ವಲ್ಪವಾಗಿಯಾದರೂ ಕೂಡಿಡಬೇಕು. ಸಿಕ್ಕಿದ ಕೆಲಸವನ್ನು ಒಪ್ಪದೆ ತಕ್ಕ ಕೆಲಸಕ್ಕಾಗಿ ಕಾಯುವ ಸ್ವಾತಂತ್ರ್ಯವನ್ನು ಈ ಹಣ ಕೊಡುತ್ತದೆ.

5. ಸಹೋದ್ಯೋಗಿಗಳು, ಹಳೆಯ ಸಹಪಾಠಿಗಳು ಮತ್ತು ಸಂಘದವರೊಡನೆ ಸಂಪರ್ಕವನ್ನು ಕೆಲಸ ಇರುವಾಗಲೇ ಉಳಿಸಿಕೊಳ್ಳಬೇಕು.

ಆಂಟಾಪ್ ಹಿಲ್ ಕೂಡ ಒಂದೇ ರೀತಿಯಲ್ಲಿ ಉಳಿದಿಲ್ಲ. ಸುತ್ತಮುತ್ತ ಎತ್ತರದ ಕಟ್ಟಡಗಳು ಬಂದಿವೆ. 2019ರ ಮಾರ್ಚ್ ತಿಂಗಳಲ್ಲಿ ಈ ಪ್ರದೇಶದ ಮೇಲೆ ಮೋನೋರೈಲು ಹಾದುಹೋದಾಗ, ಹಿಂದಿನ ಪೀಳಿಗೆ ಹೆಸರು ಕೂಡ ಕೇಳಿರದ ಕೆಲಸಗಳು ಅದರೊಡನೆ ಬಂದವು. ಅಲ್ಲಿಯ ವಸತಿಗೃಹಗಳಲ್ಲಿ ಒಂದು ಕುಟುಂಬ ನಿವೃತ್ತಿಯಾಗಿ ಹೊರಡುತ್ತದೆ, ಇನ್ನೊಂದು ಕುಟುಂಬ ಬರುತ್ತದೆ. ಹೊರಡುವವರು ಸರ್ಕಾರದ ಬೀಗದ ಕೈಯನ್ನು ಒಪ್ಪಿಸುತ್ತಾರೆ. ಅವರು ಕಲಿತ ಕಸುಬನ್ನೂ ಮಕ್ಕಳಿಗೆ ಕಲಿಸಿದ ಅಭ್ಯಾಸವನ್ನೂ ಒಪ್ಪಿಸಬೇಕಾಗಿಲ್ಲ. ದಿನಕ್ಕೆ ಒಂದು ಗಂಟೆಯಾದರೂ ಕಲಿಕೆಗೆ ಮೀಸಲಿಡುವುದು ಅಂತಹ ಅಭ್ಯಾಸ. ಹೋಟೆಲಿನ ಕೆಲಸ ಮುಗಿಸಿ ರಾತ್ರಿಶಾಲೆಗೆ ನಡೆದ ಹುಡುಗರಿಗೆ ಸಾಧ್ಯವಾದದ್ದು ಇಂದಿನವರಿಗೆ ಅಸಾಧ್ಯವಾಗಬೇಕಾಗಿಲ್ಲ.